ಕರಿಗೋಟಿನ ಕಾರ್ಬನ್, ಕೋಟ್ ಬಟನಿನ ಹೆಪ್ಟೇನ್

ಕರಿಗೋಟು, ಅಂದರೆ ಕಪ್ಪಾದ ಕೀಳು ದರ್ಜೆಯ ಅಡಿಕೆಗೆ ಮಂಡಿಯಲ್ಲಿ ಎಂಥ ಮರ್ಯಾದೆ ಸಿಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ಅದು ಕಪ್ಪಗಿದೆ, ಗಟ್ಟಿಯಿದೆ, ಹೆಚ್ಚುಕಡಿಮೆ ಉರುಟಾಗಿದೆ. ಅಣುಗಳ ಮಾದರಿ ಕಟ್ಟಲು ನಾನು ಅದನ್ನೇ ಆರಿಸಿಕೊಂಡೆ. ಕೆಮಿಸ್ಟ್ರಿ ಮಾದರಿಗಳಲ್ಲಿ ಕಾರ್ಬನ್ನಿಗೆ ಕಪ್ಪು ಬಣ್ಣ ಕೊಡುವುದು ರೂಢಿ. ಪೇಂಟ್ ಬಳಿಯುವ ಕೆಲಸ ತಪ್ಪಿತು.

ಅಕ್ಕನ ಮಗಳು ಮೊದಲ ಪಿಯುಸಿ. ಆಲ್ಕೇನ್‌ಗಳ (ಕಾರ್ಬನ್, ಹೈಡ್ರೋಜನ್ ಮಾತ್ರ ಒಂಟಿ ಬಂಧಗಳಿಂದ ಸೇರಿದ ಅಣುಗಳು) ರಚನಾ ಐಸೋಮರ್‌ಗಳನ್ನು ಹುಡುಕಿ ಹೆಸರಿಡುವ ಪಾಠ ಬಂದಿತ್ತು. ಅಣುಸೂತ್ರ ಒಂದೇ, ಜೋಡಣೆ ಬೇರೆ. ನಾಲ್ಕು ಕಾರ್ಬನಿನ ಬ್ಯುಟೇನ್‌ಗೆ 2, ಐದರ ಪೆಂಟೇನ್‌ಗೆ 3, ಆರರ ಹೆಕ್ಸೇನ್‌ಗೆ 5, ಏಳರ ಹೆಪ್ಟೇನ್‌ಗೆ 9. ಅವಳು ಮತ್ತು ಅವಳ ಗೆಳತಿಯರು ಕಾಗದದಲ್ಲಿ ಹೆಪ್ಟೇನ್ ಬಿಡಿಸಿದರೆ ಒಮ್ಮೆ 7 ಬರುತ್ತಿತ್ತು, ಇನ್ನೊಮ್ಮೆ 12. ಕಾಗದದಲ್ಲಿ ಸರಪಳಿಯನ್ನು ಬಲಕ್ಕೆ ತಿರುಗಿಸಿದರೂ ಕೆಳಕ್ಕೆ ತಿರುಗಿಸಿದರೂ ಹೊಸ ಚಿತ್ರವಾಗುತ್ತದೆ. ಹೊಸ ಚಿತ್ರ ಅಂದರೆ ಹೊಸ ಅಣು ಎಂದು ಮಕ್ಕಳು ನಂಬಿಬಿಡುತ್ತಾರೆ. ಕೈಯಲ್ಲಿ ಹಿಡಿದು ತಿರುಗಿಸುವಂಥದ್ದು ಏನಾದರೂ ಬೇಕು ಅನಿಸಿತು. ಅಂಗಡಿಯ ಪ್ಲಾಸ್ಟಿಕ್ ಕಿಟ್‌ನಲ್ಲಿ ಹೆಪ್ಟೇನಿನ ಒಂಬತ್ತನ್ನೂ ಒಟ್ಟಿಗೆ ಇಡುವಷ್ಟು ಕಾರ್ಬನ್ ಇರುವುದಿಲ್ಲ. ಅದಕ್ಕೆ 63 ಕಾರ್ಬನ್ ಬೇಕು.

ಹೆಬ್ರಿ ಕಡೆಯ ಸಂಬಂಧಿಕರಿಂದ ಒಂದು ಚೀಲ ಕರಿಗೋಟು ಬಂತು. ಬೇಕಾದಕ್ಕಿಂತ ಜಾಸ್ತಿಯೇ. ಅದರಲ್ಲಿ ಅರ್ಧ ತೆಗೆದು ಬದಿಗಿಡಬೇಕಾಯಿತು, ಯಾಕೆಂದರೆ ಕೆಲವು ಒಳಗೆ ಟೊಳ್ಳು, ಕೆಲವಕ್ಕೆ ಹುಳ ಹಿಡಿದಿತ್ತು. ಕೈಯಲ್ಲಿ ಹಿಡಿದಾಗ ತೂಕ ಇರುವುದನ್ನೇ ಆರಿಸಿ. ಕುಟ್ಟಿದಾಗ ಟಕ್ ಎನ್ನಬೇಕು. ಅಡ್ಡಳತೆ ಸುಮಾರು 22 ಮಿ.ಮೀ. ಇರುವುದನ್ನು ಇಟ್ಟುಕೊಂಡೆ.

ಈಗ ನಿಜವಾದ ಕೆಲಸ. ಆಲ್ಕೇನಿನ ಪ್ರತಿ ಕಾರ್ಬನ್ನಿಗೂ ನಾಲ್ಕು ಬಂಧ, ಯಾವ ಎರಡರ ನಡುವೆ ನೋಡಿದರೂ ಕೋನ ಸುಮಾರು 109.5 ಡಿಗ್ರಿ. ಅಡಿಕೆಯ ಮೇಲೆ ಅಂದಾಜಿನಲ್ಲಿ ನಾಲ್ಕು ತೂತು ಕೊರೆದರೆ ಸರಪಳಿ ಐದಾರು ಕಾರ್ಬನ್ ದಾಟುವಷ್ಟರಲ್ಲಿ ಎಲ್ಲೆಲ್ಲಿಗೋ ತಿರುಗಿಬಿಡುತ್ತದೆ. ಹಾಗಾಗಿ ಒಂದು ಜಿಗ್, ಅಂದರೆ ಅಡಿಕೆಯನ್ನು ಸರಿಯಾದ ಕೋನದಲ್ಲಿ ಹಿಡಿದು ನಿಲ್ಲಿಸುವ ಸಲಕರಣೆ ಬೇಕು.

ಜಿಗ್‌ನ ಗುಟ್ಟು ಸರಳ. 109.5 ಅಂದರೆ 90 ಮತ್ತು 19.5. ಈ 19.5 ಡಿಗ್ರಿಯ ಸೈನ್ ಬೆಲೆ ಮೂರರಲ್ಲಿ ಒಂದು. ಅಂದರೆ 30 ಸೆಂ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 10 ಸೆಂ.ಮೀ. ಎತ್ತಿ ನಿಲ್ಲಿಸಿದರೆ ಆ ಕೋನ ತಾನಾಗಿ ಬಂತು. ಪ್ರೊಟ್ರಾಕ್ಟರ್ ಹಿಡಿದು ಕಣ್ಣು ಕಿರಿದು ಮಾಡಬೇಕಾಗಿಲ್ಲ. ಹಲಗೆಯ ಮೇಲೆ ಇಳಿಜಾರಿಗೆ ಸರಿಯಾಗಿ ಒಂದು ಹಳೇ ಸೈಕಲ್ ಸ್ಪೋಕ್ ಮಲಗಿಸಿ, ಎರಡು ಯು ಮೊಳೆ ಹೊಡೆದು ಹಿಡಿಸಿದೆ. ಸ್ಪೋಕ್ ತಿರುಗಬೇಕು, ಆದರೆ ಅಲ್ಲಾಡಬಾರದು. ಥ್ರೆಡ್ ಇರುವ ತುದಿ ಹಲಗೆಯ ಎತ್ತರದ ಬದಿಯಿಂದ ಸ್ವಲ್ಪ ಹೊರಗೆ ಚಾಚಿರಲಿ. ಕೆಳಗಿನ ತುದಿಗೆ ಒಂದು ಹಳೇ ಸಿಡಿಯನ್ನು ಅಂಟಿಸಿ, 120 ಡಿಗ್ರಿಗೊಂದರಂತೆ ಮೂರು ಗೆರೆ ಎಳೆದೆ. ಹಲಗೆಯ ಮೇಲೆ ಅದಕ್ಕೆ ಎದುರಾಗಿ ಒಂದು ಗುರುತು.

ಮೊದಲ ತೂತನ್ನು ಅಡಿಕೆಯ ಚಪ್ಪಟೆ ಬುಡದ ನಡುವಿಗೆ 2 ಮಿ.ಮೀ. ಬಿಟ್‌ನಲ್ಲಿ ಕೊರೆಯಬೇಕು. 8 ಮಿ.ಮೀ. ಆಳ ಸಾಕು. ಬಿಟ್‌ಗೆ ಆ ಅಳತೆಯಲ್ಲಿ ಟೇಪ್ ಸುತ್ತಿಟ್ಟರೆ ಲೆಕ್ಕ ತಪ್ಪುವುದಿಲ್ಲ. ಈ ತೂತಿಗೆ ಸ್ಪೋಕಿನ ಥ್ರೆಡ್ ತುದಿಯನ್ನು ತಿರುಗಿಸಿ ಕೂರಿಸಿ. ಥ್ರೆಡ್ ಸ್ಪೋಕಿಗಿಂತ ಒಂದು ಕೂದಲೆಳೆ ದಪ್ಪ ಇರುವುದರಿಂದ ಅಡಿಕೆಯನ್ನು ಕಚ್ಚಿ ಹಿಡಿಯುತ್ತದೆ. ಈಗ ಡ್ರಿಲ್ ಸ್ಟ್ಯಾಂಡ್‌ನಲ್ಲಿ ಬಿಟ್ ನೇರ ಮೇಲಿನಿಂದ ಅಡಿಕೆಯ ನಡುವಿಗೆ ಇಳಿಯಬೇಕು. ಒಂದು ತೂತು ಆಯಿತು. ಸಿಡಿಯನ್ನು ಮುಂದಿನ ಗೆರೆಗೆ ತಿರುಗಿಸಿದರೆ ಇನ್ನೊಂದು, ಮತ್ತೆ ತಿರುಗಿಸಿದರೆ ಮತ್ತೊಂದು. ನಾಲ್ಕು ತೂತಿನ ಕಾರ್ಬನ್ ರೆಡಿ. ಬುಡ ಮೇಲೆ ಮಾಡಿ ಮೂರು ಕಡ್ಡಿ ಚುಚ್ಚಿ ಮೇಜಿನ ಮೇಲಿಟ್ಟರೆ ಮುಕ್ಕಾಲಿಯ ಹಾಗೆ ನಿಲ್ಲುತ್ತದೆ.

ತೊಂದರೆ ಇರುವುದು ಅಡಿಕೆಯ ಹೆಗಲಿನಲ್ಲಿ. ಅಲ್ಲಿ ಮೈ ಇಳಿಜಾರು, ಬಿಟ್ ಜಾರುತ್ತದೆ. ಕೊರೆಯುವ ಮೊದಲು ಮೊಳೆಯಿಂದ ಒಂದು ಚುಕ್ಕಿ ಗುದ್ದಿ, ಅಥವಾ ಅರದಿಂದ ಒಂದೆರಡು ಎಳೆತ ಎಳೆದು ಚಪ್ಪಟೆ ಮಾಡಿ. ಅಡಿಕೆಯ ಕೆಳಗೆ ಒಂದು ಮರದ ತುಂಡು ಕೊಡಿ, ಇಲ್ಲದಿದ್ದರೆ ಡ್ರಿಲ್ಲಿನ ಒತ್ತಡಕ್ಕೆ ಸ್ಪೋಕ್ ಬಾಗುತ್ತದೆ. ತೀರಾ ಒಣಗಿದ ಅಡಿಕೆ ಸೀಳುವುದುಂಟು. ರಾತ್ರಿ ನೀರಲ್ಲಿ ನೆನೆಸಿ ಬೆಳಿಗ್ಗೆ ಒರೆಸಿ ಕೊರೆದರೆ ಎಷ್ಟೋ ಸಲೀಸು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅಡಿಕೆ ಪುಡಿ ಗಂಟಲಿಗೆ ಹೋದರೆ ಕೆಮ್ಮು ನಿಲ್ಲುವುದಿಲ್ಲ.

ಬಂಧಗಳಿಗೆ ಹಿಡಿಸೂಡಿ (ತೆಂಗಿನ ಕಡ್ಡಿಯ ಪೊರಕೆ) ಕಡ್ಡಿ. ಅಳತೆಯನ್ನು ಸುಮ್ನೆ ಇಟ್ಟದ್ದಲ್ಲ. ಕಾರ್ಬನ್–ಕಾರ್ಬನ್ ಬಂಧ 154 ಪಿಕೋಮೀಟರ್, ಕಾರ್ಬನ್–ಹೈಡ್ರೋಜನ್ 109. ಇಪ್ಪತ್ತು ಪಿಕೋಮೀಟರಿಗೆ ಒಂದು ಸೆಂ.ಮೀ. ಎಂದು ಹಿಡಿದರೆ ಎರಡು ಅಡಿಕೆಗಳ ನಡುವಿನಿಂದ ನಡುವಿಗೆ 77 ಮಿ.ಮೀ. ದೂರ ಬರಬೇಕು. ತೂತಿನ ತಳ ನಡುವಿನಿಂದ 3 ಮಿ.ಮೀ. ದೂರದಲ್ಲಿದೆ. ಎರಡೂ ಕಡೆಯದ್ದು ಕಳೆದರೆ ಕಡ್ಡಿ 71 ಮಿ.ಮೀ. ಹೈಡ್ರೋಜನ್‌ಗೆ 51 ಮಿ.ಮೀ. ಕಡ್ಡಿ, ತುದಿಯನ್ನು ಬಿಳಿ ಪೇಂಟಿನಲ್ಲಿ ಅದ್ದಿದರೆ ಮುಗಿಯಿತು. ಕಡ್ಡಿಯ ಬುಡದ ಕಡೆಯ ದಪ್ಪ ಭಾಗವನ್ನೇ ಬಳಸಿ, ತುದಿಯನ್ನು ಬ್ಲೇಡಿನಲ್ಲಿ ಸ್ವಲ್ಪ ಕೆತ್ತಿ.

ಮೂರು ಪೆಂಟೇನ್‌ಗಳನ್ನು ಸಾಲಾಗಿ ಇಟ್ಟಾಗ ನನಗೇ ಖುಷಿಯಾಯಿತು. ನೇರ ಪೆಂಟೇನ್ ಅಂಕುಡೊಂಕಾಗಿ ಉದ್ದಕ್ಕೆ ಮಲಗಿದೆ. 2-ಮೀಥೈಲ್‌ಬ್ಯುಟೇನ್ ಅದಕ್ಕಿಂತ ಮೋಟು: ನಾಲ್ಕರ ಸರಪಳಿ, ಎರಡನೇ ಕಾರ್ಬನ್ನಿಗೆ ಒಂದು ಕಾರ್ಬನಿನ ಕವಲು (ಅದೇ ಮೀಥೈಲ್). 2,2-ಡೈಮೀಥೈಲ್‌ಪ್ರೊಪೇನ್ ಎಲ್ಲಿಂದ ನೋಡಿದರೂ ಒಂದೇ ಥರ, ಪೂರಾ ಉಂಡೆ. ಕುದಿಬಿಂದುಗಳು ಕ್ರಮವಾಗಿ ಸುಮಾರು 36, 28 ಮತ್ತು 9.5 ಡಿಗ್ರಿ ಸೆಲ್ಸಿಯಸ್. ಉದ್ದ ಅಣುಗಳು ಒಂದಕ್ಕೊಂದು ಮೈಯೊರಗಿ ಹಿಡಿದುಕೊಳ್ಳುತ್ತವೆ, ಉಂಡೆಗಳಿಗೆ ತಾಗಿಕೊಳ್ಳಲು ಜಾಗ ಕಡಿಮೆ. ಉಡುಪಿಯ ಏಪ್ರಿಲ್ ಮಧ್ಯಾಹ್ನದಲ್ಲಿ 33 ಡಿಗ್ರಿ ಇದ್ದರೆ ಮೊದಲನೆಯದು ಬಾಟಲಿಯಲ್ಲಿ ದ್ರವವಾಗಿಯೇ ಇರುತ್ತದೆ, ಎರಡನೆಯದು ಕುದಿಯುತ್ತದೆ, ಮೂರನೆಯದು ಮೊದಲೇ ಗ್ಯಾಸ್ ಆಗಿರುತ್ತದೆ. ಮೂರಕ್ಕೂ ಇರುವುದು ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್.

ಇಷ್ಟು ಚಂದದ ಕಿಟ್ ಹೆಕ್ಸೇನ್‌ಗೆ ಬಂದಾಗ ಕೈಕೊಟ್ಟಿತು. ಹುಡುಗಿಯರು ಜೋಡಿಸಿ ಇಟ್ಟ ಮಾದರಿಗಳು ಐದಕ್ಕೆ ನಿಲ್ಲಲಿಲ್ಲ. ಕಡ್ಡಿ ತೂತಿನಲ್ಲಿ ಬಿಗಿಯಾಗಿ ಕೂರುವುದರಿಂದ ಸರಪಳಿ ಹೇಗೆ ತಿರುಚಿತ್ತೋ ಹಾಗೇ ನಿಂತುಬಿಡುತ್ತದೆ. ಒಂದು ಹೆಕ್ಸೇನ್ ಉದ್ದಕ್ಕೆ, ಇನ್ನೊಂದು ಹೆಕ್ಸೇನ್ ಸುರುಳಿ ಸುತ್ತಿಕೊಂಡು.

"ಮಾಮ, ಇದು ಬೇರೆ ಅಲ್ವಾ? ಆಕಾರ ನೋಡಿ."

ಆಕಾರ ಬೇರೆ ಹೌದು. ಆದರೆ ಒಂಟಿ ಬಂಧದ ಸುತ್ತ ಅಣು ತಿರುಗುತ್ತಲೇ ಇರುತ್ತದೆ, ಆ ಆಕಾರ ಅರೆಗಳಿಗೆಯೂ ನಿಲ್ಲುವುದಿಲ್ಲ. ರಚನಾ ಐಸೋಮರ್ ಎನ್ನುವುದು ಯಾವ ಕಾರ್ಬನ್ನಿಗೆ ಯಾವ ಕಾರ್ಬನ್ ಅಂಟಿದೆ ಎಂಬ ಲೆಕ್ಕ, ಅಷ್ಟೇ. ಕೋನ ಕರಾರುವಾಕ್ಕಾಗಿರುವ ಮಾದರಿ ಈ ಪಾಠಕ್ಕೆ ಉಪಕಾರಕ್ಕಿಂತ ಉಪದ್ರವೇ ಹೆಚ್ಚು ಕೊಡುತ್ತದೆ. ಬೇಕಾದದ್ದು ಆಕಾರವೇ ಇಲ್ಲದ, ಸಡಿಲವಾಗಿ ಜೋಲುವ ಮಾದರಿ.

ಅದಕ್ಕೆ ಕೋಟ್ ಬಟನ್. ನಾಲ್ಕು ತೂತಿನದ್ದು. ರಥಬೀದಿ ಸುತ್ತಲಿನ ಫ್ಯಾನ್ಸಿ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತದೆ. ನಾಲ್ಕು ತೂತು ಅಂದರೆ ನಾಲ್ಕು ಬಂಧ, ಐದನೆಯದನ್ನು ಹಾಕೋಣವೆಂದರೂ ಜಾಗವಿಲ್ಲ. ಕಾಗದದಲ್ಲಿ ಐದು ಬಂಧದ ಕಾರ್ಬನ್ ಬರೆದು ಮಾರ್ಕು ಕಳೆದುಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಬೇಲಿ ಇಲ್ಲ. ಬಟನಿಂದ ಬಟನಿಗೆ ಒಂದೇ ಅಳತೆಯ ಸಣ್ಣ ಸೇಫ್ಟಿ ಪಿನ್. ಖಾಲಿ ಉಳಿದ ತೂತುಗಳೆಲ್ಲ ಹೈಡ್ರೋಜನ್ ಎಂದು ಲೆಕ್ಕ. ಪಿನ್ ಹಾಕುವುದು ಪಕ್ಕದ ತೂತಿಗೋ ಎದುರಿನ ತೂತಿಗೋ ಎಂದು ಕೇಳಿದರು. ಎಲ್ಲಿಗಾದರೂ ಹಾಕಿ, ಬಟನಿನ ಮೇಲೆ ಆ ಜಾಗಕ್ಕೆ ಅರ್ಥವಿಲ್ಲ. ಪಿನ್ ತೆಗೆದುಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲಿನದ್ದೇ ನೋಡಿ. ನಮ್ಮ ಉಪ್ಪು ಗಾಳಿಗೆ ಅಗ್ಗದ ಪಿನ್ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಕರಿಗೋಟಿಗೂ ಬೂಷ್ಟು ಬರುತ್ತದೆ. ಅದಕ್ಕೆ ಬಿಸಿಲಲ್ಲಿ ಒಣಗಿಸಿ ಒಂದು ಕೈ ವಾರ್ನಿಷ್ ಹೊಡೆದಿದ್ದೇನೆ.

ಬಟನ್ ಕಿಟ್‌ನ ದೊಡ್ಡ ಲಾಭ ಗೊತ್ತಾದದ್ದು ಹೆಸರಿಡುವಾಗ. ಹೆಸರಿಗೆ ಮೊದಲು ಬೇಕಾದದ್ದು ಅತಿ ಉದ್ದದ ಸರಪಳಿ. ಕಾಗದದಲ್ಲಿ ಕಣ್ಣು ಯಾವಾಗಲೂ ಅಡ್ಡಕ್ಕೆ ಬರೆದ ಸಾಲನ್ನೇ ಮುಖ್ಯ ಸರಪಳಿ ಎಂದು ಓದುತ್ತದೆ, ಗೆಲ್ಲಿನ (ಕವಲಿನ) ದಾರಿಯಾಗಿ ಹೋದರೆ ಇನ್ನೂ ಉದ್ದ ಸಿಗುತ್ತದೆ ಎಂದು ಹೊಳೆಯುವುದಿಲ್ಲ. ಬಟನ್ ಮಾದರಿಯನ್ನು ಹೀಗೆ ಮಾಡಿ: ಯಾವುದಾದರೂ ಒಂದು ಬಟನ್ ಹಿಡಿದು ಎತ್ತಿ, ಉಳಿದದ್ದೆಲ್ಲ ಜೋತಾಡಲಿ. ಎಲ್ಲಕ್ಕಿಂತ ಕೆಳಗೆ ಯಾವ ಬಟನ್ ಇದೆ ನೋಡಿ. ಈಗ ಅದನ್ನು ಹಿಡಿದು ಎತ್ತಿ. ಮತ್ತೆ ಎಲ್ಲಕ್ಕಿಂತ ಕೆಳಗೆ ಬಂದದ್ದು ಯಾವುದೋ, ಅದು ಇನ್ನೊಂದು ತುದಿ. ಕೈಯಿಂದ ಅಲ್ಲಿಯವರೆಗೆ ನೆಟ್ಟಗೆ ಇಳಿದಿರುವುದೇ ಮುಖ್ಯ ಸರಪಳಿ. ಬದಿಗೆ ಜೋಲುತ್ತಿರುವುದೆಲ್ಲ ಗೆಲ್ಲು. ಉಂಗುರವಿಲ್ಲದ ಯಾವ ಜೋಡಣೆಗೂ ಇದು ಕೆಲಸ ಮಾಡುತ್ತದೆ. ಎಲ್ಲಿಂದ ಹೊರಟರೂ ಅತಿ ದೂರದ ಬಿಂದು ಯಾವುದೋ ಒಂದು ಅತಿ ಉದ್ದದ ದಾರಿಯ ಕೊನೆಯೇ ಆಗಿರುತ್ತದೆ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಈ ಉಪಾಯ ಗೊತ್ತಿರುತ್ತದೆ, ಅಲ್ಲಿ ಇದನ್ನೇ ಬಟನ್ ಇಲ್ಲದೆ ಮಾಡುತ್ತಾರೆ.

ಪರೀಕ್ಷೆಗೆ ಒಂದು ಕೊಟ್ಟೆ. ಐದು ಬಟನಿನ ಸರಪಳಿ ಮಾಡಿ, ಎರಡನೇ ಬಟನಿಗೆ ಎರಡು ಬಟನಿನ ಗೆಲ್ಲು ಹಾಕಿ. ಹೆಸರು? "2-ಇಥೈಲ್‌ಪೆಂಟೇನ್" ಎಂದು ಕೂಡಲೇ ಉತ್ತರ ಬಂತು. ಎತ್ತಿ ಹಿಡಿದರೆ ಆರು ಬಟನ್ ನೆಟ್ಟಗೆ ಇಳಿಯಿತು, ಮೂರನೆಯದರಿಂದ ಒಂದೇ ಒಂದು ಬದಿಗೆ. ಅದು 3-ಮೀಥೈಲ್‌ಹೆಕ್ಸೇನ್. ವಾದ ಮಾಡಲು ಏನೂ ಉಳಿಯಲಿಲ್ಲ.

ಇನ್ನು ಹೆಪ್ಟೇನ್. ಸರಪಳಿಯನ್ನು ಒಂದೊಂದೇ ಬಟನ್ ಕಡಿಮೆ ಮಾಡುತ್ತಾ ಹೋಗುವುದೇ ಒಳ್ಳೆಯ ದಾರಿ. ಏಳೂ ನೇರವಾಗಿ ಇದ್ದರೆ ಹೆಪ್ಟೇನ್, ಒಂದು. ಒಂದನ್ನು ಬಿಚ್ಚಿ ಆರರ ಸರಪಳಿಯ ಬದಿಗೆ ಹಾಕಿದರೆ 2-ಮೀಥೈಲ್‌ಹೆಕ್ಸೇನ್, 3-ಮೀಥೈಲ್‌ಹೆಕ್ಸೇನ್. ನಾಲ್ಕನೆಯದಕ್ಕೆ ಹಾಕಿದರೆ ಅದು ಆಚೆ ಕಡೆಯಿಂದ ಮೂರು, ಮೇಜಿನ ಮೇಲೆ ತಿರುಗಿಸಿಟ್ಟರೆ ಹಿಂದಿನದ್ದೇ. ತುದಿಯ ಬಟನಿಗೆ ಹಾಕಿದರೆ ಸರಪಳಿ ಮತ್ತೆ ಏಳಾಗುತ್ತದೆ. ಐದರ ಸರಪಳಿ ಇಲ್ಲಿ ಶ್ರೀಮಂತ: 2,2-, 2,3-, 2,4- ಮತ್ತು 3,3-ಡೈಮೀಥೈಲ್‌ಪೆಂಟೇನ್, ಜೊತೆಗೆ 3-ಇಥೈಲ್‌ಪೆಂಟೇನ್. ಎರಡು ಕಾರ್ಬನಿನ ಗೆಲ್ಲು ನಡುಮಧ್ಯದ ಬಟನಿನಲ್ಲಿ ಮಾತ್ರ ನಿಲ್ಲುತ್ತದೆ. ನಾಲ್ಕರ ಸರಪಳಿಗೆ 2,2,3-ಟ್ರೈಮೀಥೈಲ್‌ಬ್ಯುಟೇನ್ ಒಂದೇ. ಒಟ್ಟು 9. ಮೇಜಿನ ತುಂಬ 63 ಬಟನ್, 54 ಪಿನ್. ಯಾವ ಹೆಪ್ಟೇನ್ ತೆಗೆದುಕೊಂಡರೂ ಪಿನ್ ಆರೇ. ಏಳಾದರೆ ಎಲ್ಲೋ ಉಂಗುರ ಕೂಡಿಕೊಂಡಿದೆ ಎಂದರ್ಥ, ಆಗ ಅದು ಈ ಸಾಲಿನ ಅಣುವೇ ಅಲ್ಲ.

ನಂಬರ್ ಹಾಕುವ ವಿಷಯದಲ್ಲಿ ಒಂದು ಜಗಳ ನಡೆಯಿತು. ಕೆಲವು ನೋಟ್ಸ್‌ಗಳಲ್ಲಿ ಗೆಲ್ಲುಗಳ ನಂಬರ್ ಕೂಡಿಸಿ ಮೊತ್ತ ಕಡಿಮೆ ಬರುವ ಕಡೆಯಿಂದ ಎಣಿಸಿ ಎಂದಿರುತ್ತದೆ. ಸಣ್ಣ ಅಣುಗಳಿಗೆ ಉತ್ತರ ಹೊಂದಿಕೊಳ್ಳುತ್ತದೆ, ಅದಕ್ಕೇ ಆ ಅಡ್ಡದಾರಿ ಬದುಕಿಕೊಂಡಿದೆ. ನಿಜವಾದ ನಿಯಮ ಬೇರೆ: ಎರಡೂ ಕಡೆಯಿಂದ ಎಣಿಸಿ ಸಾಲಾಗಿ ಬರೆಯಿರಿ, ಮೊದಲು ವ್ಯತ್ಯಾಸ ಬರುವ ಜಾಗದಲ್ಲಿ ಯಾವುದು ಚಿಕ್ಕದೋ ಅದು ಗೆಲ್ಲುತ್ತದೆ. ಹತ್ತು ಬಟನಿನ ಸರಪಳಿಗೆ ಮೂರು ಒಂಟಿ ಬಟನ್ ಹಾಕಿ ತೋರಿಸಿದೆ. ಒಂದು ಕಡೆಯಿಂದ 2,7,8, ಇನ್ನೊಂದು ಕಡೆಯಿಂದ 3,4,9. ಮೊತ್ತ ನೋಡಿದರೆ 17 ಮತ್ತು 16. ಆದರೂ ಸರಿಯಾದ ಹೆಸರು 2,7,8-ಟ್ರೈಮೀಥೈಲ್‌ಡೆಕೇನ್, ಯಾಕೆಂದರೆ ಮೊದಲ ಜಾಗದಲ್ಲೇ ಎರಡು ಮೂರಕ್ಕಿಂತ ಚಿಕ್ಕದು. ಮರೆಯದಿರಲಿ ಎಂದು ಈ ಮಾದರಿಯನ್ನು ಬಿಚ್ಚದೆ ಗೋಡೆಯ ಮೊಳೆಗೆ ನೇತು ಹಾಕಿದೆ.

ಎಂಟು ಕಾರ್ಬನಿನ ಆಕ್ಟೇನ್‌ನಲ್ಲಿ ಇನ್ನೊಂದು ಗಂಟು. ಮೂರನೇ ಬಟನಿನಿಂದ ಎರಡೆರಡು ಬಟನಿನ ಎರಡು ದಾರಿ, ಮತ್ತು ಕವಲೊಡೆದ ಒಂದು ದಾರಿ ಹೊರಟ ಅಣು. ಎತ್ತಿ ಹಿಡಿದಾಗ ಕೆಳಗೆ ಒಂದಕ್ಕಿಂತ ಹೆಚ್ಚು ಬಟನ್ ಒಂದೇ ಮಟ್ಟಕ್ಕೆ ಬರುತ್ತವೆ. ಒಂದು ಕಡೆಯಿಂದ ಓದಿದರೆ ಐದರ ಸರಪಳಿಗೆ ಒಂದೇ ದೊಡ್ಡ ಗೆಲ್ಲು. ಇನ್ನೊಂದು ಕಡೆಯಿಂದ ಐದರ ಸರಪಳಿಗೆ ಎರಡು ಸಣ್ಣ ಗೆಲ್ಲು. ಗೆಲ್ಲು ಹೆಚ್ಚಿರುವ ಸರಪಳಿಯನ್ನೇ ಆರಿಸಬೇಕು ಎಂಬುದು ನಿಯಮ. ಹಾಗಾಗಿ ಅದು 3-ಇಥೈಲ್-2-ಮೀಥೈಲ್‌ಪೆಂಟೇನ್. ಇಥೈಲ್ ಮೊದಲು ಬರುವುದು ಇಂಗ್ಲಿಷ್ ಅಕ್ಷರಕ್ರಮಕ್ಕೆ. ಡೈ, ಟ್ರೈ ಎಂಬ ಎಣಿಕೆಯ ಮಾತುಗಳು ಆ ಕ್ರಮದ ಲೆಕ್ಕಕ್ಕಿಲ್ಲ.

ಆಕ್ಟೇನ್‌ಗೆ ಒಟ್ಟು 18: ಎಂಟರ ಸರಪಳಿಗೆ 1, ಏಳರದ್ದಕ್ಕೆ 3, ಆರರದ್ದಕ್ಕೆ 7, ಐದರದ್ದಕ್ಕೆ 6, ನಾಲ್ಕರದ್ದಕ್ಕೆ 1. ಇವುಗಳಲ್ಲಿ 2,2,4-ಟ್ರೈಮೀಥೈಲ್‌ಪೆಂಟೇನ್‌ಗೆ ಊರಿಗೆಲ್ಲ ಗೊತ್ತಿರುವ ಕೆಲಸ ಇದೆ. ಪೆಟ್ರೋಲಿನ ಆಕ್ಟೇನ್ ನಂಬರ್ ಅಳೆಯುವಾಗ ಅದಕ್ಕೆ 100, ನೇರ ಹೆಪ್ಟೇನ್‌ಗೆ 0. ಗೆಲ್ಲು ಹೆಚ್ಚಿರುವ ಅಣು ಇಂಜಿನ್ನಿನಲ್ಲಿ ಹೊತ್ತಿಗೆ ಮುಂಚೆ ಹೊತ್ತಿಕೊಳ್ಳುವುದಿಲ್ಲ. ನೇರದ್ದು ತಡೆಯದೆ ಹೊತ್ತಿ ನಾಕ್ ಮಾಡುತ್ತದೆ, ಅಂದರೆ ಇಂಜಿನ್ ಟಕಟಕ ಬಡಿಯುತ್ತದೆ. ಕಾಪು ಪಕ್ಕದ ಪಾದೂರಿನಲ್ಲಿ ನೆಲದಡಿ 25 ಲಕ್ಷ ಟನ್ ಕಚ್ಚಾತೈಲ ತುಂಬುವ ಗುಹೆಗಳಿವೆಯಲ್ಲ, ಅಂಥ ತೈಲದಲ್ಲಿ ಈ ಆಲ್ಕೇನ್‌ಗಳೆಲ್ಲ ಕಲಸಿಕೊಂಡಿರುತ್ತವೆ. ಸಂಸ್ಕರಣಾಗಾರಗಳಲ್ಲಿ ನೇರ ಅಣುಗಳನ್ನು ಕವಲೊಡೆದವುಗಳಾಗಿ ಮಾರ್ಪಡಿಸುವ ಘಟಕವೇ ಬೇರೆ ಇರುತ್ತದೆ.

ಹಾಗಾದರೆ ಕರಿಗೋಟು ಮೂಲೆಗೆ ಬಿತ್ತೇ? ಇಲ್ಲ. ಬಟನ್ ಹೇಳಲಾರದ ಒಂದು ಸಂಗತಿಯನ್ನು ಅದು ಹೇಳಿತು. ಇಬ್ಬರು ಹುಡುಗಿಯರು ಎರಡು 3-ಮೀಥೈಲ್‌ಹೆಕ್ಸೇನ್ ಅಡಿಕೆಯಲ್ಲಿ ಜೋಡಿಸಿದರು, ಹೈಡ್ರೋಜನ್ ಕಡ್ಡಿಗಳ ಸಮೇತ. ಹೇಗೆ ತಿರುಗಿಸಿದರೂ ಒಂದರ ಮೇಲೆ ಒಂದು ಕೂರಲೇ ಇಲ್ಲ. ಮೂರನೇ ಕಾರ್ಬನ್ನಿಗೆ ಅಂಟಿರುವ ನಾಲ್ಕೂ ಬೇರೆ ಬೇರೆ: ಹೈಡ್ರೋಜನ್, ಮೀಥೈಲ್, ಇಥೈಲ್, ಪ್ರೊಪೈಲ್. ಒಂದು ಇನ್ನೊಂದರ ಕನ್ನಡಿ ಬಿಂಬ. 2,3-ಡೈಮೀಥೈಲ್‌ಪೆಂಟೇನ್‌ನಲ್ಲೂ ಹೀಗೇ. ರಚನಾ ಐಸೋಮರ್ 9 ಸರಿ, ಕನ್ನಡಿ ಜೋಡಿಗಳನ್ನೂ ಬೇರೆ ಎಣಿಸಿದರೆ 11. ಬಟನ್‌ಗಳನ್ನು ಎಷ್ಟು ಹೊತ್ತು ನೇತಾಡಿಸಿದರೂ ಇದು ಕಾಣುವುದಿಲ್ಲ. ಎರಡು ಕಿಟ್‌ಗಳನ್ನೂ ಇಟ್ಟುಕೊಳ್ಳಿ, ಆದರೆ ಮೊದಲು ಬಟನ್ ಕೊಡಿ, ಆಮೇಲೆ ಅಡಿಕೆ.

"ಆಕ್ಟೇನ್‌ಗೆ ಹದಿನೆಂಟೇ ಎಂದು ಹೇಗೆ ಗೊತ್ತು, ಒಂದು ತಪ್ಪಿಹೋಗಿದ್ದರೆ?" ಎಂದು ಅಕ್ಕನ ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಗಣಿತಜ್ಞ ಆರ್ಥರ್ ಕೇಲಿ 1870ರ ದಶಕದಲ್ಲೇ ಇದನ್ನು ಲೆಕ್ಕ ಹಾಕಿ ಎಣಿಸಿದ್ದ. ಹನ್ನೆರಡು ಮತ್ತು ಹದಿಮೂರು ಕಾರ್ಬನಿಗೆ ಅವನಿಗೆ 357 ಮತ್ತು 799 ಬಂತು. ಸರಿಯಾದದ್ದು 355 ಮತ್ತು 802. ಹೆನ್ಜಿ ಮತ್ತು ಬ್ಲೇರ್ ಎಂಬ ಇಬ್ಬರು 1931ರಲ್ಲಿ ಹಿಂದಿನ ಸಂಖ್ಯೆಯಿಂದ ಮುಂದಿನದ್ದನ್ನು ಪಡೆಯುವ ಸೂತ್ರ ಕೊಟ್ಟರು. ಇಪ್ಪತ್ತು ಕಾರ್ಬನಿಗೆ 3,66,319 ಎಂದು ಗೊತ್ತಾಗುವುದು ಹೀಗೆ ಎಣಿಸಿ, ಯಾರೂ ಬಿಡಿಸಿ ನೋಡಿದ್ದಲ್ಲ.

ಈಗ ಅವಳು ಒಂಬತ್ತು ಕಾರ್ಬನಿನ ನೋನೇನ್ ಹಿಡಿದಿದ್ದಾಳೆ. 35 ಐಸೋಮರ್‌ಗಳಿಗೆ 315 ಬಟನ್ ಬೇಕು, ನಮ್ಮಲ್ಲಿರುವುದು ಆಕ್ಟೇನ್‌ಗೆ ಸಾಕಾಗುವ 144. ಹಾಗಾಗಿ ಒಂದು ಮಾಡಿ, ಎತ್ತಿ ಹಿಡಿದು, ಹೆಸರು ಬರೆದು, ಬಿಚ್ಚಿ ಮುಂದಿನದ್ದು. ಸರಪಳಿಯ ಉದ್ದದ ಪ್ರಕಾರ ಒಂಬತ್ತಕ್ಕೆ 1, ಎಂಟಕ್ಕೆ 3, ಏಳಕ್ಕೆ 11, ಆರಕ್ಕೆ 12, ಐದಕ್ಕೆ 8 ಬರಬೇಕು. ಸದ್ಯ ಅವಳ ಪಟ್ಟಿಯಲ್ಲಿ ಆರರ ಸಾಲು 11ಕ್ಕೆ ನಿಂತಿದೆ. ಉಳಿದದ್ದು 4-ಇಥೈಲ್-2-ಮೀಥೈಲ್‌ಹೆಕ್ಸೇನ್. ನಾನು ಹೇಳಿಲ್ಲ.